ಉಡಿದಾರದ ಬೀಗದಕೈ

ನಾನು ಯಾವ ಕೆಲಸದಲ್ಲಿದ್ದೇನೆ ಎಂಬುದನ್ನು ನಮ್ಮಮ್ಮ ಇವತ್ತಿಗೂ ಯಾರಿಗೂ ಹೇಳಿಲ್ಲ. ಹಿಂದೂಪುರದ ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ ‘ನಮ್ಮ ಹುಡ್ಗಿ ಜ್ಯೂಸ್ ಫ್ಯಾಕ್ಟ್ರೀಲಿ ಸೂಪರ್‌ವೈಸರ್ರು’ ಅನ್ನುತ್ತಾಳೆ. ಆಮೇಲೆ ಒಳಗೆ ಬಂದು, ಕೆಮಿಸ್ಟ್ರಿ ಓದಿಸಿದ್ದು ಇದಕ್ಕಾ ಎಂದು ನನಗೆ ಬೈಯುತ್ತಾಳೆ. ಪೂರ್ತಿ ಸುಳ್ಳೇನೂ ಅಲ್ಲ ಬಿಡಿ. ಚಿಲಮತ್ತೂರು ರಸ್ತೆಯ ನಮ್ಮ ಶೆಡ್ಡಿನಲ್ಲಿ ಕತ್ತಾಳೆ ಗೆಡ್ಡೆಯನ್ನು ಗುಂಡಿಯಲ್ಲಿ ಸುಟ್ಟು, ಜಜ್ಜಿ, ರಸ ತೆಗೆದು, ಅದನ್ನು ಮರದ ತೊಟ್ಟಿಗಳಲ್ಲಿ ಹುದುಗಿಸಿ, ಕೊನೆಗೆ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸುತ್ತೇವೆ. ರಸದವರೆಗೆ ಅಮ್ಮನ ಮಾತು ನಿಜ. ಮೆಕ್ಸಿಕೋ ದೇಶದಲ್ಲಿ ಇದೇ ಕೆಲಸವನ್ನು ತಲೆತಲಾಂತರದಿಂದ ಮಾಡುತ್ತಾರಂತೆ, ಅಲ್ಲಿ ಅದಕ್ಕೆ ಮೆಸ್ಕಾಲ್ ಎಂದು ಹೆಸರು. ನಾವು ಆ ಹೆಸರು ಹಾಕುವ ಹಾಗಿಲ್ಲ. ಹಾಕಿದರೆ ಅಲ್ಲಿಂದಲೇ ಬಂದು ಕೇಸು ಹಾಕುತ್ತಾರೆ ಎಂದು ಫ್ಯಾಕ್ಟ್ರಿಯ ಯಜಮಾನರು ಹೆದರಿಸಿಟ್ಟಿದ್ದಾರೆ.

ಇಂಥ ಜಾಗದಲ್ಲಿ ಸರ್ಕಾರದ ಮನುಷ್ಯ ಒಬ್ಬರು ಇರಲೇಬೇಕು. ಹುದುಗಿನ ಕೋಣೆಗೆ ಎರಡು ಬೀಗ, ಒಂದು ನಮ್ಮದು, ಇನ್ನೊಂದು ಸರ್ಕಾರದ್ದು. ಎರಡೂ ತೆಗೆದರೆ ಬಾಗಿಲು ತೆಗೆಯುತ್ತದೆ. ನಮ್ಮ ಬೀಗದಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿರುತ್ತಿತ್ತು. ಸರ್ಕಾರದ್ದು, ಅಬಕಾರಿ ಇಲಾಖೆಯಿಂದ ನಮ್ಮಲ್ಲಿಗೆ ಹಾಕಿದ್ದ ನಮ್ಮ ಸಾರ್ ಅವರ ಉಡಿದಾರದಲ್ಲಿರುತ್ತಿತ್ತು. ಹೌದು, ಸೊಂಟದ ಉಡಿದಾರದಲ್ಲಿ! ಬೆಳಿಗ್ಗೆ ಬಂದವರೇ ಗೋಡೆ ಕಡೆ ತಿರುಗಿ, ಇನ್‌ಶರ್ಟ್ ಎಳೆದು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬೀಗದಕೈ ಬಿಚ್ಚುತ್ತಿದ್ದರು. ಗೆಡ್ಡೆ ಜಜ್ಜುವ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕೆಂದು ನಗುತ್ತಿದ್ದರು. ‘ನಗ್ರಮ್ಮ ನಗ್ರಿ, ಜೇಬಲ್ಲಿಟ್ಕೊಂಡ್ರೆ ಬಿದ್ದೋಯ್ತದೆ, ಆಮೇಲೆ ನನ್ ಪೆನ್ಸನ್ನು ನೀವ್ ಕೊಡ್ತೀರಾ?’ ಅನ್ನುತ್ತಿದ್ದರು ಗೋಡೆಗೆ ಮುಖ ಮಾಡಿಕೊಂಡೇ.

ಹೋದ ತಿಂಗಳು ಅವರು ಹೋಗಿಬಿಟ್ಟರು. ಎದೆನೋವು ಅಂದರಂತೆ. ಕಲ್ಯಾಣದುರ್ಗದ ಆಸ್ಪತ್ರೆಗೆ ಹೋಗುವ ಆಟೋದಲ್ಲೇ ಉಸಿರು ನಿಂತಿತಂತೆ. ಅವರ ತಮ್ಮ ಫೋನ್ ಮಾಡಿ ಹೇಳಿದಾಗ ನಾನು ತೊಟ್ಟಿಯ ಹತ್ತಿರ ನಿಂತಿದ್ದೆ. ಸೌಟು ಕೈಯಲ್ಲೇ ಇತ್ತು. ಏನು ಮಾಡಬೇಕೋ ತೋಚದೆ ಆ ರಸವನ್ನೇ ಕಲಕುತ್ತಾ ನಿಂತೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೇಲಿಂದಲೇ, ‘ಗೌರ್ಮೆಂಟ್ ನೌಕರನ್ ಹೆಸ್ರು ಪೇಪರ್‌ಗೆ ಹಾಕ್ತೀಯೇನಮ್ಮ, ಪರ್ಮಿಸನ್ ತಕ್ಕೊಂಡಿದೀಯಾ?’ ಎಂದು ಕೇಳಿಯಾರು.

ಹೆಂಡದ ಇಲಾಖೆಯಲ್ಲಿ ಆಯುಸ್ಸು ಕಳೆದರೂ ಒಂದು ತೊಟ್ಟು ಕುಡಿದವರಲ್ಲ. ಆದರೆ ವಾಸನೆ ನೋಡುವುದು ಎಂದರೆ ಪ್ರಾಣ. ಹಂಡೆಯಿಂದ ಮೊದಲು ಇಳಿದದ್ದನ್ನು ಅಂಗೈಗೆ ಒಂದಿಷ್ಟು ಹಾಕಿಸಿಕೊಂಡು, ಎರಡೂ ಕೈ ತಿಕ್ಕಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಆಮೇಲೆ ಒರೆಸಿಕೊಳ್ಳಲು ಬಟ್ಟೆ ಹುಡುಕುವ ತಾಳ್ಮೆಯಿಲ್ಲದೆ ಕೈಯನ್ನು ತಲೆಗೂದಲಿಗೆ ಒರೆಸಿಬಿಡುತ್ತಿದ್ದರು. ಸಂಜೆ ಬಸ್ಸು ಹತ್ತಿದರೆ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ‘ಏನ್ ಸಾರ್ ಇದು, ಮಾನ ಹೋಗಲ್ವಾ?’ ಅಂದರೆ, ‘ಮಾನ ಹೋದ್ರೂ ಸೀಟ್ ಸಿಕ್ತದಲ್ಲ ಕಣಮ್ಮ, ಕಲ್ಯಾಣದುರ್ಗದ ಗಂಟ ನಿಂತ್ಕೊಂಡ್ ಹೋಗೋಕೆ ಆಯ್ತದಾ ಈ ಮಂಡಿಯಲ್ಲಿ?’ ಅನ್ನುತ್ತಿದ್ದರು. ವಾರವೆಲ್ಲಾ ಹಿಂದೂಪುರದಲ್ಲಿ ಬಾಡಿಗೆ ರೂಮು, ಶನಿವಾರ ಸಂಜೆ ಕಲ್ಯಾಣದುರ್ಗದ ಹತ್ತಿರದ ತಮ್ಮ ಹಳ್ಳಿಗೆ ಪಯಣ. ಅಲ್ಲಿ ಅವರಮ್ಮ ಇದ್ದರು, ತಮ್ಮನ ಸಂಸಾರವಿತ್ತು. ಇವರ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಆ ವಿಷಯ ಅವರೂ ಎತ್ತುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಆ ಬಸ್ಸಿನಲ್ಲಿ ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ಹೇಳಬೇಕು. ಕತ್ತಾಳೆ ಗಿಡ ಹತ್ತು ಹನ್ನೆರಡು ವರ್ಷ ಸುಮ್ಮನೆ ಕೂತಿದ್ದು, ಜೀವಮಾನದಲ್ಲಿ ಒಂದೇ ಸಲ ನಡುವಿನಿಂದ ಉದ್ದಾನೆಯ ಬೊಂಬು ಎಬ್ಬಿಸಿ ಹೂ ಬಿಡುತ್ತದೆ. ಆಮೇಲೆ ಒಣಗಿಹೋಗುತ್ತದೆ. ಬೊಂಬು ಎದ್ದಿತೆಂದರೆ ಗೆಡ್ಡೆಯ ಸಿಹಿಯೆಲ್ಲಾ ಅದಕ್ಕೇ ಹೋಗುವುದರಿಂದ ನಾವು ಅದಕ್ಕೆ ಮೊದಲೇ ಕಡಿಯಬೇಕು. ಎಲ್ಲವನ್ನೂ ಕಡಿದರೆ ಹೂವಿಲ್ಲ, ಹೂವಿಲ್ಲದಿದ್ದರೆ ಜೇನಿಲ್ಲ, ಬೊಂಬಿನ ತುದಿಯಲ್ಲಿ ಹುಟ್ಟುವ ಮರಿಗಿಡಗಳೂ ಇಲ್ಲ. ಹಾಗಾಗಿ ಗೆಡ್ಡೆ ಕಡಿಯಲು ಆಳುಗಳು ಹೊರಟರೆ ಇವರೂ ಜೀಪು ಹತ್ತಿಬಿಡುತ್ತಿದ್ದರು. ಅದು ಅವರ ಡ್ಯೂಟಿಯೇ ಅಲ್ಲ. ‘ನಾಕಕ್ಕೆ ಒಂದು ಬುಡ್ರಿ ಕಣ್ರಲಾ! ಅದೇನ್ ಮೂಲಂಗಿ ಏನ್ಲಾ ಸಾಲಾಗಿ ಕಿತ್ತಾಕಕ್ಕೆ?’ ಎಂದು ಬದುವಿನ ಮೇಲೆ ನಿಂತು ಕೂಗಾಡುತ್ತಿದ್ದರು. ಒಣಗಿದ ಬೊಂಬು ಸಿಕ್ಕಿದರೆ ಅದರ ಮರಿಗಳನ್ನು ಬಿಡಿಸಿ ತಮ್ಮ ಖಾಲಿ ಟಿಫನ್ ಕ್ಯಾರಿಯರಿಗೆ ತುಂಬಿಕೊಳ್ಳುತ್ತಿದ್ದರು. ಬಸ್ಸು ಎಲ್ಲಿ ಟೀಗೆ ನಿಂತರೆ ಅಲ್ಲಿ ಇಳಿದು, ರಸ್ತೆ ಪಕ್ಕದ ಗಟ್ಟಿ ನೆಲವನ್ನು ಚಮಚದಿಂದ ಕೆದಕಿ ಒಂದೆರಡು ನೆಟ್ಟು ಬರುತ್ತಿದ್ದರು. ಕಂಡಕ್ಟರು ‘ರಂಡಿ ಸಾರ್, ಟೈಮಯಿಂದಿ’ ಎಂದು ತೆಲುಗಿನಲ್ಲಿ ಕರೆಯುತ್ತಾ ಸೀಟಿ ಊದುವವನು. ಇವರು ಮಣ್ಣಿನ ಕೈಯನ್ನೂ ಅದೇ ತಲೆಗೆ ಒರೆಸಿಕೊಂಡು ಹತ್ತುವವರು.

ನಮಗಿಬ್ಬರಿಗೂ ದಿನಾ ಒಂದೇ ಜಗಳ, ಆ ಗಿಡದ ಹೆಸರಿನದು. ನಾನು ಕತ್ತಾಳೆ ಅನ್ನುತ್ತಿದ್ದೆ. ಯಜಮಾನರು ಶೋಕಿಗೆ ಅಗೇವ್ ಅನ್ನುತ್ತಿದ್ದರು. ಇವರು ಮಾತ್ರ ಕಲಬಂದ. ಅಪ್ಪನ ಕಡೆ ಕನ್ನಡ, ಅಮ್ಮನ ಕಡೆ ತೆಲುಗು. ಕೋಪ ಬಂದರೆ ಅಪ್ಪನ ಭಾಷೆ, ಅಕ್ಕರೆ ಬಂದರೆ ಅಮ್ಮನ ಭಾಷೆ. ಈ ಗಿಡದ ಮೇಲೆ ಅಕ್ಕರೆಯೇ ಹೆಚ್ಚಾದ್ದರಿಂದ ಅದು ಯಾವಾಗಲೂ ಕಲಬಂದ.

‘ಸಾರ್, ಕಲಬಂದ ಅಂದ್ರೆ ಲೋಳೆಸರ. ಮುಖಕ್ಕೆ ಹಚ್ಕೊಳ್ಳೋದು. ಬ್ಯೂಟಿ ಪಾರ್ಲರ್‌ನಲ್ಲಿ ಕೇಳಿ ಬೇಕಾದ್ರೆ’ ಅನ್ನುತ್ತಿದ್ದೆ.

‘ಅದು ಚಿಕ್ಕ ಕಲಬಂದ. ಇದು ದೊಡ್ಡ ಕಲಬಂದ. ಯಾಕೆ, ತಾತನ ಹೆಸ್ರು ಅಂತ ಒಂದೇ ಮನೇಲಿ ಇಬ್ರು ಹುಡುಗ್ರಿಗೆ ಒಂದೇ ಹೆಸ್ರು ಇಡಾಕಿಲ್ವಾ? ಕರುದ್ರೆ ಯಾವನು ಬರ್ಬೇಕೋ ಅವನು ಬತ್ತಾನೆ.’

‘ಇಬ್ರೂ ಬಂದ್ಬಿಟ್ರೆ?’

‘ಬರ್ಲಿ ಬುಡು, ಇಬ್ರಿಗೂ ಅನ್ನ ಇಕ್ಕೋಣ.’

ಇಂಥವರ ಹತ್ತಿರ ಏನು ವಾದ ಮಾಡುತ್ತೀರಿ! ‘ನಮ್ಮಮ್ಮ ಕಲಬಂದ ಅಂತಾಳೆ. ಆಯಮ್ಮ ಅಂದ್ಮೇಲೆ ಮುಗೀತು’ ಎಂದು ಎದ್ದುಹೋಗುತ್ತಿದ್ದರು.

ಆಯಮ್ಮನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರ ಕಡಲೆಕಾಯಿ ಹೊಲದ ಸುತ್ತ ಇದ್ದ ಕತ್ತಾಳೆ ಬೇಲಿ ಅವರಮ್ಮ ತಲೆಯ ಮೇಲೆ ಹೊತ್ತು ತಂದು ನೆಟ್ಟದ್ದು. ಎಲೆ ಕೊಳೆಹಾಕಿ, ನಾರು ತೆಗೆದು, ಹಗ್ಗ ಹೊಸೆದು, ಆ ಹಗ್ಗ ಮಾರಿಯೇ ಇವರನ್ನು ಓದಿಸಿದರಂತೆ. ಹಳೆಯ ಗಿಡ ಸತ್ತ ಕಡೆ ಅದರ ಮರಿ, ಆ ಮರಿ ಸತ್ತ ಕಡೆ ಇನ್ನೊಂದು, ಹೀಗೆ ಬೇಲಿ ಒಂದು ದಿನವೂ ಬರಿದಾಗಿರಲಿಲ್ಲ. ‘ನಮ್ಮಮ್ಮನ್ ಕೈ ನೋಡ್ಬೇಕು ನೀನು. ಕಲಬಂದ ಎಲೆ ಇದ್ದಂಗೇ ಆಗ್ಬುಟ್ಟದೆ, ಒರಟು’ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ಇದೇ ಗಿಡದಿಂದ ಬೆಲೆಬಾಳುವ ಪಾನೀಯ ಆಗುತ್ತದೆ ಎಂದು ಮಗ ಹೇಳಿದಾಗ ಆಯಮ್ಮ ನಂಬಿರಲಿಲ್ಲ. ಕುರಿ ಸಹ ಮೂಸದ ಗಿಡವಲ್ಲವೇ!

ಆ ಹೊಲಕ್ಕೆ ಅವರ ತಮ್ಮ ತಂತಿ ಬೇಲಿ ಹಾಕಿಸುವುದಕ್ಕೆ ಹೊರಟ. ಜೆಸಿಬಿ ತರಿಸುತ್ತೇನೆ, ಕಿತ್ತು ಒಂದು ಕಡೆ ಗುಡ್ಡೆ ಹಾಕಿ ಬೆಂಕಿ ಇಡುತ್ತೇನೆ ಎಂದ. ಅವನದೂ ತಪ್ಪಲ್ಲ, ಹಂದಿ ಕಾಟ ಅವನಿಗೇ ಗೊತ್ತು. ನಮ್ಮ ಸಾರ್ ಒಂದು ವಾರ ಮಂಕಾಗಿದ್ದರು. ಆಮೇಲೆ ಸೋಮವಾರ ಬಂದವರೇ, ‘ನಮ್ಮ ಬೇಲಿ ನಿಮ್ಮ ಗುಂಡಿಗೆ ಬತ್ತದೆ ಕಣಮ್ಮ’ ಅಂದರು. ದುಡ್ಡಿನ ಮಾತು ಎತ್ತಲು ಬಿಡಲಿಲ್ಲ, ತಮ್ಮ ಕೊಟ್ಟದ್ದು, ತಾನು ನಡುವೆ ಇಲ್ಲ ಎಂದು ಕೈಮುಗಿದುಬಿಟ್ಟರು. ಅಲ್ಲೂ ನಾಲ್ಕಕ್ಕೆ ಒಂದು ಉಳಿಸಲು ತಮ್ಮನ ಜೊತೆ ಕಾದಾಡಿ, ಸೋತು, ಕೊನೆಗೆ ಬುಡದ ಮರಿಗಳನ್ನಷ್ಟೇ ಎಬ್ಬಿಸಿಕೊಂಡು ಬಂದರು. ಅವನ್ನು ನಮ್ಮ ಶೆಡ್ಡಿನ ಹಿಂದೆ ನೆಟ್ಟೆವು.

ಎಲೆ ಸವರಿದ ಗೆಡ್ಡೆಗಳು ಟ್ರಾಕ್ಟರಿನಲ್ಲಿ ಬಂದಾಗ ಒಂದೊಂದೂ ದೊಡ್ಡ ಅನಾನಸ್ ಹಣ್ಣಿನ ಹಾಗಿತ್ತು. ಕಲ್ಲು ಹಾಸಿದ ಗುಂಡಿಯಲ್ಲಿ ಜಾಲಿ ಸೌದೆ ಉರಿಸಿ, ಕೆಂಡ ಮಾಡಿ, ಕಾದ ಕಲ್ಲಿನ ಮೇಲೆ ಗೆಡ್ಡೆ ಪೇರಿಸಿ, ಒದ್ದೆ ಗೋಣಿತಾಟು ಹೊದಿಸಿ ಮಣ್ಣು ಮುಚ್ಚಿದೆವು. ಅದು ಒಳಗೇ ಬೇಯುವಷ್ಟು ದಿನವೂ ಸಾರ್ ಗುಂಡಿಯ ಸುತ್ತ ಸುತ್ತಿದ್ದೇ ಸುತ್ತಿದ್ದು. ಹೊಗೆ ಎಲ್ಲಾದರೂ ಸಂದಿ ಬಿಟ್ಟರೆ ತಾವೇ ಒಂದು ಹಿಡಿ ಮಣ್ಣು ಹಾಕಿ ತಟ್ಟುತ್ತಿದ್ದರು. ತೆಗೆದ ದಿನ ಆ ಪರಿಮಳ! ಕೆಂಡದಲ್ಲಿ ಸುಟ್ಟ ಗೆಣಸು, ಆಗ ತಾನೇ ಇಳಿಸಿದ ಬೆಲ್ಲದ ಪಾಕ, ಅದರ ಹಿಂದೆ ಹೊಗೆ. ಬೆಂದ ನಾರನ್ನು ಒಂದು ಎಳೆ ಬಾಯಿಗಿಟ್ಟು ಚೀಪಿದರು. ‘ಅಮ್ಮಾ’ ಅಂದರು, ಅಷ್ಟೇ. ಆ ಮುದುಕಿಯ ಬೇಲಿ ಜಜ್ಜಿಸಿಕೊಂಡು, ರಸವಾಗಿ, ನನ್ನ ತೊಟ್ಟಿಗಳಿಗೆ ಬಂತು. ಬೇರೆ ಯಾವ ಗೆಡ್ಡೆಯನ್ನೂ ಅದರ ಜೊತೆ ಬೆರೆಸಲು ಅವರು ಬಿಡಲಿಲ್ಲ. ಇನ್ನೊಂದು ಸಲ ಆಗುವಂಥದ್ದಲ್ಲ ಅದು. ಬೇಲಿಯೇ ಇಲ್ಲವಲ್ಲ ಇನ್ನು.

ತೊಟ್ಟಿಯಲ್ಲಿ ರಸ ಹುದುಗಲು ಶುರುವಾದ ಮೇಲೆ ಮೇಲಿನ ಕಚೇರಿಯಿಂದ ಅವರಿಗೆ ಒಂದು ಫೋನು ಬಂತು. ಯಾರೋ ಹೊಸ ಅಧಿಕಾರಿ, ದೂರದ ಕಡೆಯವರು, ಸುಮ್ಮನೆ ವಿಚಾರಿಸಿಕೊಳ್ಳುತ್ತಿದ್ದರು. ಅಲ್ಲಿ ಯಾವುದರಿಂದ ತಯಾರಿಸುತ್ತಾರೆ ಎಂದು ಕೇಳಿರಬೇಕು. ನಮ್ಮ ಸಾರ್ ಎದೆಯುಬ್ಬಿಸಿ, ‘ಕಲಬಂದ ಸಾರ್! ಮಾ ಸೊಂತ ಕಲಬಂದೇ ಸಾರ್!’ ಅಂದರು, ನಮ್ಮ ಸ್ವಂತದ್ದೇ ಎಂದು. ನಾನು ಪಕ್ಕದಲ್ಲೇ ಇದ್ದೆ. ನನಗೂ ಆಗ ಏನೂ ಹೊಳೆಯಲಿಲ್ಲ.

ಆ ವಾರದಲ್ಲೇ ಸಾರ್‌ಗೆ ಮತ್ತೆ ಅದೇ ಅಧಿಕಾರಿಯ ಫೋನು. ಕತ್ತಾಳೆ ಎಂದು ಪರವಾನಗಿ ಪಡೆದು ಲೋಳೆಸರದಿಂದ ಸಾರಾಯಿ ಇಳಿಸುತ್ತಿದ್ದಾರಾ? ನೀವೇ ಮೊನ್ನೆ ಬಾಯಿಬಿಟ್ಟಿದ್ದೀರಲ್ಲ. ವಿಚಾರಣೆ ಮುಗಿಯುವವರೆಗೆ ಹುದುಗಿನ ಕೋಣೆಗೆ ಸೀಲು ಹಾಕಿ. ಹಾಕಬೇಕಾದವರು ಯಾರು? ಇವರೇ.

ಫೋನು ಇಟ್ಟರು. ‘ಅಯ್ಯೋ, ಇಬ್ರೂ ಬಂದ್ಬುಟ್ರಲ್ಲ ಕಣಮ್ಮ’ ಅಂದರು ನನ್ನ ಮುಖ ನೋಡಿ. ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ ನನಗೆ.

ಯಜಮಾನರು ಓಡಿಬಂದರು. ‘ಸಾರ್, ನಾಳೆ ಸಂಜೆ ಗಂಟ ಟೈಮ್ ಕೊಡಿ. ಹುದುಗು ತಯಾರಾಗ್ತಿದೆ. ಬಟ್ಟಿ ಇಳ್ಸಿಬಿಡ್ತೀವಿ. ಆಮೇಲೆ ಎಷ್ಟ್ ದಿನ ಬೇಕಾದ್ರೂ ಹಾಕ್ಕೊಳ್ಳಿ ಸೀಲು.’

‘ಆಗಾಕಿಲ್ಲ ಸ್ವಾಮಿ.’

‘ನಿಮ್ದೇ ಬೇಲಿ ಸಾರ್ ಇದು! ನಿಮ್ಮಮ್ಮ ನೆಟ್ಟಿದ್ದು!’

‘ಅದ್ಕೇ ಆಗಾಕಿಲ್ಲ. ಬೇರೇವ್ರದು ಆಗಿದ್ರೆ ಒಂದು ಗಂಟೆ ಆಚೆ ಈಚೆ ಮಾಡ್ತಿದ್ನೇನೋ. ಎಷ್ಟೋ ಜನದ ಬಾಗ್ಲಿಗೆ ಬೀಗ ಜಡ್ದಿದೀನಿ, ಕಾಲು ಹಿಡ್ಕಂಡೋರ್ನೂ ಬುಟ್ಟಿಲ್ಲ. ಇವತ್ತು ನಂದು ಅಂತ ತಡ ಮಾಡಿದ್ರೆ ಅವ್ರೆಲ್ಲಾ ಬಂದು ಕೇಳಾಕಿಲ್ವಾ?’

ಅರಗು ಕಾಯಿಸಿದರು. ಬೀಗದ ಮೇಲೆ ಬಟ್ಟೆ ಸುತ್ತಿ ಅರಗು ಸುರಿದು ಹಿತ್ತಾಳೆ ಮುದ್ರೆ ಒತ್ತಿದರು. ಬೆರಳಿಗೆ ಬಿಸಿ ಅರಗು ಬಿದ್ದು ಬೊಬ್ಬೆ ಬಂತು. ಊದಿಕೊಳ್ಳಲೂ ಇಲ್ಲ. ನನಗೆ ಸಿಟ್ಟು ಬಂದದ್ದು ನಿಜ. ಇಷ್ಟೊಂದು ನಿಯತ್ತು ಯಾರಿಗೆ ಬೇಕಾಗಿತ್ತು ಎಂದು ಮನಸ್ಸಿನಲ್ಲೇ ಕುದಿದೆ. ಆದರೆ ಆ ಮುಖ ನೋಡಿಕೊಂಡು ಹೇಳುವುದಾದರೂ ಹೇಗೆ?

ಆಮೇಲಿನ ದಿನಗಳಲ್ಲಿ ಅವರು ಆ ಬಾಗಿಲ ಪಕ್ಕವೇ ಸ್ಟೂಲು ಹಾಕಿಕೊಂಡು ಕೂತರು. ಹುದುಗುವ ರಸಕ್ಕೆ ಸದ್ದಿರುತ್ತದೆ, ಸಣ್ಣಗೆ ಗುಳುಗುಳು ಅನ್ನುತ್ತಲೇ ಇರುತ್ತದೆ. ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಿದ್ದರು. ಮಧ್ಯೆ ಮಧ್ಯೆ ಮೇಲಿನವರಿಗೆ ಫೋನು. ‘ಅದಿ ಕಾದು ಸಾರ್, ಇದಿ ವೇರೇ ಕಲಬಂದ ಸಾರ್’, ಅದಲ್ಲ, ಇದು ಬೇರೆ ಎಂದು ಗೋಗರೆಯುವುದು ನಮಗೆಲ್ಲಾ ಕೇಳುತ್ತಿತ್ತು. ಬಾಯಿಗೆ ಬಂದದ್ದು ಮತ್ತೆ ಅದೇ ಪದ! ‘ಸಾರ್, ಕತ್ತಾಳೆ ಅನ್ನಿ, ಅಗೇವ್ ಅನ್ನಿ, ಏನಾದ್ರೂ ಅನ್ನಿ, ಅದೊಂದು ಬಿಡಿ’ ಎಂದು ನಾನು ತಲೆ ಚಚ್ಚಿಕೊಂಡೆ. ‘ಬತ್ತಾ ಇಲ್ಲ ಕಣಮ್ಮ, ಗಾಬ್ರೀಲಿ ಬೇರೇದು ಬತ್ತಾ ಇಲ್ಲ’ ಅಂದರು.

ಕೊನೆಗೆ ಗಿಡವನ್ನೇ ತೋರಿಸಿಬಿಡೋಣ ಎಂದು ಆಳುದ್ದದ ಎಲೆಯೊಂದನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಜಿಲ್ಲಾ ಕಚೇರಿಗೆ ಹೋದರು. ನಾನೂ ಹೋದೆ. ಎಲೆಯ ತುದಿಯ ಮುಳ್ಳು ಮುಂದಿನ ಸೀಟಿನವರ ಬೆನ್ನಿಗೆ ಚುಚ್ಚಿ ದಾರಿಯುದ್ದಕ್ಕೂ ಬೈಗುಳ. ಅಧಿಕಾರಿ ಊರಲ್ಲಿರಲಿಲ್ಲ. ಅಲ್ಲಿದ್ದ ನೌಕರ ಒಳ್ಳೆಯವನೇ ಪಾಪ, ನಮ್ಮ ಕಡೆಯ ಹಳ್ಳಿಯವನು. ಗೋಣಿ ಬಿಚ್ಚಿದ ಕೂಡಲೇ ಅವನ ಮುಖ ಅರಳಿತು. ‘ಇದಿ ಕಲಬಂದೇ ಕದಾ ಸಾರ್! ಮೀರು ಚೆಪ್ಪಿಂದಿ ಕರೆಕ್ಟೇ. ಮಾ ಚೇನು ಗಟ್ಟುನ ಕೂಡಾ ಉಂದಿ’ ಅಂದ. ಇವರು ಹೇಳಿದ್ದೇ ಸರಿಯಂತೆ, ಅವನ ಹೊಲದ ಬದುವಿನಲ್ಲೂ ಇದೆಯಂತೆ! ಸಾರ್ ನನ್ನನ್ನು ನೋಡಿದರು. ಏನು ಹೇಳುವುದು? ಅವನು ಹೇಳಿದ್ದೂ ಸರಿ, ಇವರು ಹೇಳಿದ್ದೂ ಸರಿ. ದೂರದಿಂದ ಬಂದ ಆ ಅಧಿಕಾರಿಗೆ ಆ ಪದಕ್ಕೆ ಒಂದೇ ಗಿಡ ಗೊತ್ತಿದ್ದದ್ದೂ ತಪ್ಪಲ್ಲ. ಯಾರಿಗೆ ಅಂತ ಬೈಯುತ್ತೀರಿ? ಸಾಹೇಬರು ಬಂದ ಮೇಲೆ ತೋರಿಸುತ್ತೇನೆ ಎಂದು ಆ ಎಲೆಯನ್ನು ಅವನು ಗೋಡೆಗೆ ಒರಗಿಸಿಟ್ಟ.

ನಾವು ಹಿಂತಿರುಗಿದ ಮಾರನೆಯ ದಿನ ಸಾರ್ ಬಾಗಿಲಿಗೆ ಕಿವಿಯಿಟ್ಟವರು ತೆಗೆಯಲೇ ಇಲ್ಲ. ಆ ಕಿವಿ ಬದಲಾಯಿಸಿ ಈ ಕಿವಿ ಇಟ್ಟರು. ‘ನಿಂತೋಯ್ತು ಕಣಮ್ಮ’ ಅಂದರು. ನಾನೂ ಕಿವಿಯಿಟ್ಟೆ. ಒಳಗೆ ಏನೂ ಸದ್ದಿರಲಿಲ್ಲ. ಸಂದಿಯಿಂದ ಮಾತ್ರ ಮೂಗಿಗೆ ಹುಳಿ ಹೊಡೆಯಿತು. ಅದರ ಅರ್ಥ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವತ್ತು ಇನ್ನೊಂದು ದಿನ ಬಿಟ್ಟಿದ್ದರೂ ಹಂಡೆಗೆ ಏರಬೇಕಾಗಿದ್ದ ರಸ ಕಣ್ಣೆದುರಿನ ಬಾಗಿಲ ಹಿಂದೆ ಕೆಟ್ಟುಹೋಗುತ್ತಿತ್ತು, ಎರಡು ಬೀಗದಕೈಗಳೂ ನಮ್ಮಿಬ್ಬರ ಹತ್ತಿರವೇ ಇದ್ದವು.

ತೆಗೆಯಬಹುದು ಎಂಬ ಅಪ್ಪಣೆ ಬಂತು, ಬರದೆ ಏನು. ಗೊಂದಲ ಬಗೆಹರಿದಿದೆ, ಮುಂದುವರಿಸಿ ಎಂದು ಅಧಿಕಾರಿ ತಾವಾಗಿಯೇ ಫೋನು ಮಾಡಿ ಸೌಜನ್ಯದಿಂದ ಹೇಳಿದರಂತೆ. ಸಾರ್ ಸೀಲು ಒಡೆದರು. ಬಾಗಿಲು ತೆಗೆದದ್ದೇ ಕಣ್ಣಿಗೆ ನೀರು ಬರುವಂಥ ಹುಳಿ ಘಾಟು. ಕೆಟ್ಟದ್ದನ್ನು ಚೆಲ್ಲುವಾಗಲೂ ಸರ್ಕಾರದವರು ಎದುರಿಗೆ ನಿಂತು ನೋಡಬೇಕು, ಅದೂ ನಿಯಮ. ಹೆಂಗಸರು ಬಿಂದಿಗೆ ಬಿಂದಿಗೆಯಾಗಿ ಹೊತ್ತು ಹಿಂದಿನ ಬಯಲಿಗೆ ಚೆಲ್ಲಿದರು. ಇವರು ಕೊನೆಯ ಬಿಂದಿಗೆಯವರೆಗೂ ಕೈಕಟ್ಟಿ ನಿಂತಿದ್ದರು. ಆಮೇಲೆ, ‘ಯಾರಾರ ನಂಗೆ ಬೈಯ್ರಮ್ಮ’ ಅಂದರು. ಯಾರೂ ಬೈಯಲಿಲ್ಲ. ಹೆಂಗಸರಲ್ಲಿ ಹಿರಿಯಳಾದ ನಾಗಕ್ಕ ಒಂದು ಲೋಟ ಕಾಫಿ ತಂದುಕೊಟ್ಟಳು. ಅವರು ಕುಡಿಯಲಿಲ್ಲ, ಆರುವವರೆಗೂ ಹಿಡಿದುಕೊಂಡೇ ಇದ್ದರು.

ನಿವೃತ್ತಿಯಾಗುವವರೆಗೆ ಅವರು ಮತ್ತೆ ವಾಸನೆ ನೋಡಲಿಲ್ಲ. ನಾನು ಕರೆದರೆ ‘ನೀನೇ ನೋಡಮ್ಮ, ನಂಗೆ ನೆಗಡಿ’ ಅನ್ನುತ್ತಿದ್ದರು. ಆ ಪದವನ್ನಂತೂ ಬಿಟ್ಟೇಬಿಟ್ಟರು. ‘ಆ ಗಿಡ’ ಅನ್ನುತ್ತಿದ್ದರು. ಕತ್ತಾಳೆ ಎಂದು ಕೂಡ ಬಾಯಿಬಿಡಲಿಲ್ಲ.

ಅವರ ತಿಥಿ ಕಾರ್ಯ ಮುಗಿದ ಮೇಲೆ ನಾನು ಅವರ ಹಳ್ಳಿಗೆ ಹೋದೆ. ಕಲ್ಯಾಣದುರ್ಗದಲ್ಲಿ ಬಸ್ಸಿಳಿದು ಷೇರ್ ಜೀಪು ಹಿಡಿದು, ಕಡಲೆಕಾಯಿ ಮೂಟೆಗಳ ನಡುವೆ ಕೂತು. ಅವರ ತಮ್ಮ, ಹೊಲದ ಕೆಲಸಕ್ಕೆ ಹೋಗಿದ್ದ. ಆಯಮ್ಮ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಕಾಣುವುದಿಲ್ಲ. ನಾನು ಎಲ್ಲಿಂದ ಬಂದವಳೆಂದು ಹೇಳಿದ ಕೂಡಲೇ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

‘ಬಾಮ್ಮ, ಬಾ ತಲ್ಲಿ. ನಮ್ಮ ಕಲಬಂದಾನ ನೀನೇ ಕದಾ ಮಾಡಿದ್ದು? ಯೋಳು, ಎಂಗಾಯ್ತು?’

ಮಗ ಏನು ಹೇಳಿದ್ದರೋ ಏನು ಬಿಟ್ಟಿದ್ದರೋ ನನಗೇನು ಗೊತ್ತು? ನಿಜವಾದದ್ದನ್ನಷ್ಟೇ ಹೇಳೋಣ ಎಂದುಕೊಂಡು ಶುರುಮಾಡಿದೆ. ಟ್ರಾಕ್ಟರಿನಲ್ಲಿ ಬಂದದ್ದು ಹೇಳಿದೆ. ಗೆಡ್ಡೆ ಎಷ್ಟೆಷ್ಟು ದಪ್ಪ ಇತ್ತೆಂದು ತೋಳಿನಲ್ಲಿ ಅಳತೆ ತೋರಿಸಿ, ಕಣ್ಣು ಕಾಣುವುದಿಲ್ಲವೆಂದು ನೆನಪಾಗಿ, ಅವರ ತೋಳನ್ನೇ ಹಿಡಿದು ಅಗಲಿಸಿ ತೋರಿಸಿದೆ. ಮಗ ಗುಂಡಿಯ ಸುತ್ತ ಸುತ್ತಿದ್ದು, ಮಣ್ಣು ತಟ್ಟಿದ್ದು, ತೆಗೆದ ದಿನದ ಆ ಸುಟ್ಟ ಗೆಣಸಿನ, ಬೆಲ್ಲದ ಪರಿಮಳ, ಒಂದು ಎಳೆ ಬಾಯಿಗಿಟ್ಟು ‘ಅಮ್ಮಾ’ ಅಂದದ್ದು, ಎಲ್ಲಾ ಹೇಳಿದೆ. ಆಯಮ್ಮ ತಲೆಯಾಡಿಸುತ್ತಾ ಕೇಳುತ್ತಿದ್ದರು. ಅಲ್ಲಿಗೆ ಬಂದು ನನ್ನ ಮಾತು ನಿಂತಿತು.

‘ಅವ್ನೂ ಇಲ್ಲೀಗಂಟಾನೇ ಯೋಳ್ತಿದ್ದ ಕಣಮ್ಮ’ ಅಂದರು. ನನ್ನ ಕೈ ಬಿಟ್ಟಿರಲಿಲ್ಲ. ‘ಆಮ್ಯಾಲೆ?’